ಬುಧವಾರ ಬೇರೆಯಾಗುವ ಅಂಗಡಿ: ವಿದ್ಯಾನಗರದ ಒಂದು ಆಹಾರ ವಿಭಾಗದ ವಿಮರ್ಶೆ

ಹುಬ್ಬಳ್ಳಿ ವಿದ್ಯಾನಗರದ ಈ ಡಿಪಾರ್ಟ್‌ಮೆಂಟಲ್ ಸ್ಟೋರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮೆಚ್ಚುಗೆಯ ಜೊತೆಗೆ ಕೆಲವು ಗಂಭೀರ ಕೊರತೆಗಳನ್ನೂ ಹೇಳಬೇಕಾಗಿದೆ. ಅವೇ ಕೊರತೆಗಳು ಕೇಶ್ವಾಪುರದಿಂದ ಹಿಡಿದು ಧಾರವಾಡದ ಸಪ್ತಾಪುರದವರೆಗೆ ಇದೇ ಅಳತೆಯ ಅನೇಕ ಅಂಗಡಿಗಳಲ್ಲಿ ಕಾಣುತ್ತವೆ. ಒಬ್ಬರನ್ನೇ ಎತ್ತಿ ತೋರಿಸುವುದು ನ್ಯಾಯವಾಗದು.

ಮೇಲಿನ ಮಹಡಿಯಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನು, ಶಾಲೆಯ ಸಾಮಗ್ರಿ. ನಾವು ಬರೆಯುತ್ತಿರುವುದು ಕೆಳಗಿನ ಆಹಾರ ವಿಭಾಗದ ಬಗ್ಗೆ. ಹೆಚ್ಚೆಂದರೆ ಒಂಬೈನೂರು ಚದರ ಅಡಿ ಜಾಗ. ಒಂದು ಗೋಡೆಯುದ್ದಕ್ಕೂ ಕಿರಾಣಿ, ಎದುರಿಗೆ ಗಾಜಿನ ಬಾಗಿಲಿನ ಎರಡು ಫ್ರಿಜ್, ಪಕ್ಕದಲ್ಲಿ ಒಂದು ಫ್ರೀಜರ್, ನಡುವೆ ರೊಟ್ಟಿ ಮತ್ತು ಚಟ್ನಿಪುಡಿಯ ರ‍್ಯಾಕ್, ಕೌಂಟರಿನ ಮೇಲೆ ಪೇಢೆಯ ಟ್ರೇ, ಬಾಗಿಲ ಬಳಿ ತರಕಾರಿ. ಕೆಲಸಕ್ಕೆ ಆರು ಮಂದಿ, ಅವರ ಮೇಲೆ ಒಬ್ಬ ಮೇಲ್ವಿಚಾರಕಿ. ಹುಡುಗರೆಲ್ಲ ಅವರನ್ನು ‘ಅಕ್ಕಾರ’ ಎನ್ನುತ್ತಾರೆ. ಈ ವಿಭಾಗದಲ್ಲಿ ಚೆನ್ನಾಗಿರುವುದೆಲ್ಲ ಅವರಿಂದ ಬಂದದ್ದು. ಬುಧವಾರ ಅವರ ವಾರದ ರಜೆ. ಅಂದು ಅದೇ ರ‍್ಯಾಕು, ಅದೇ ಫ್ರಿಜ್ಜು, ಅದೇ ಹುಡುಗರು ಇದ್ದರೂ ಅಂಗಡಿ ಬೇರೆಯೇ ಆಗಿರುತ್ತದೆ.

ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ನಿಯಂತ್ರಣ ಎಂಬ ನಿರ್ವಹಣೆಯ ಐದು ಕೆಲಸಗಳ ಪಟ್ಟಿ ಬಿ.ಕಾಂ. ಓದಿದವರಿಗೆಲ್ಲ ಬಾಯಿಪಾಠ. ಇಂಥದೇ ಐದು ಕೆಲಸಗಳನ್ನು ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫೆಯೋಲ್ 1916ರಲ್ಲಿ ಗುರುತಿಸಿದಾಗ ಅವನ ಅನುಭವ ಸಾವಿರಾರು ಕಾರ್ಮಿಕರಿದ್ದ ಗಣಿ ಕಂಪನಿಯದು. ಅಂಥ ಕಡೆ ಒಂದೊಂದು ಕೆಲಸಕ್ಕೂ ಒಂದೊಂದು ಕಚೇರಿ ಇರುತ್ತದೆ. ಆರು ಮಂದಿಯ ಆಹಾರ ವಿಭಾಗದಲ್ಲಿ ಐದೂ ಕೆಲಸ ಒಬ್ಬರ ತಲೆಯೊಳಗೆ ಕೂತಿರುತ್ತವೆ. ಆ ತಲೆಯಲ್ಲಿರುವುದು ಕಾಗದಕ್ಕೆ ಇಳಿದಿದೆಯೇ ಇಲ್ಲವೇ ಎಂಬುದರ ಮೇಲೆಯೇ ಇಂಥ ಅಂಗಡಿಯನ್ನು ಅಳೆಯಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಇವರ ಖರೀದಿಯ ಯೋಜನೆ. ಹಬ್ಬದ ಖರೀದಿಯಲ್ಲಿ ಈ ಅಂಗಡಿಯನ್ನು ಮೀರಿಸುವವರು ಕಡಿಮೆ. ನಾಗರ ಪಂಚಮಿ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಉಂಡಿ: ಶೇಂಗಾ ಉಂಡಿ, ರವಾ ಉಂಡಿ, ಬೇಸನ್ ಉಂಡಿ, ಎಳ್ಳುಂಡಿ, ತಂಬಿಟ್ಟು. ಪುಟಾಣಿ, ಶೇಂಗಾ, ಬೆಲ್ಲ, ಒಣಕೊಬ್ಬರಿ, ಎಳ್ಳು, ಯಾಲಕ್ಕಿ, ಜೋಳದ ಅಳ್ಳು ಎಲ್ಲವೂ ಒಂದೇ ವಾರದಲ್ಲಿ ಹೋಗುತ್ತವೆ. ದರ ಸ್ವಲ್ಪ ಕಡಿಮೆ ಇದ್ದಾಗಲೇ ಇವನ್ನೆಲ್ಲ ತಿಂಗಳು ಮೊದಲು ತುಂಬಿಸಿಕೊಳ್ಳುವ ಅಂಗಡಿಗಳಿವೆ. ಆದರೆ ಪಂಚಮಿ ಬರುವುದು ಶ್ರಾವಣದಲ್ಲಿ, ಹೊರಗೆ ಜಿಟಿಜಿಟಿ ಮಳೆ. ಬೆಲ್ಲ ಗಾಳಿಯ ತೇವವನ್ನು ಹೀರಿ ಬೆವರುತ್ತದೆ, ಅಂಟುತ್ತದೆ, ಇರುವೆ ಕರೆಯುತ್ತದೆ. ಕೊಬ್ಬರಿ ಬಟ್ಟಲಿನ ಒಳಮೈಗೆ ಬೂಷ್ಟು ಹಿಡಿಯುತ್ತದೆ. ಪುಟಾಣಿ ಮೆತ್ತಗಾಗುತ್ತದೆ. ದರದಲ್ಲಿ ಉಳಿಸಿದ್ದು ಎಸೆಯುವ ಮಾಲಿನಲ್ಲಿ ಹೋಗುತ್ತದೆ.

ಇಲ್ಲಿನ ಕ್ರಮ ಹೀಗಿದೆ. ಎಳ್ಳು, ಯಾಲಕ್ಕಿ, ಗಸಗಸೆ ಮೂರು ವಾರ ಮೊದಲೇ ಬಂದು ಗಾಳಿಯಾಡದ ಡಬ್ಬಿ ಸೇರುತ್ತವೆ. ಶೇಂಗಾ ಮತ್ತು ಪುಟಾಣಿ ಹತ್ತು ದಿನ ಮೊದಲು. ಬೆಲ್ಲ ಮತ್ತು ಕೊಬ್ಬರಿ ಎರಡು ಕಂತಿನಲ್ಲಿ: ಒಂದು ಹತ್ತು ದಿನ ಮೊದಲು, ಇನ್ನೊಂದು ಹಬ್ಬಕ್ಕೆ ನಾಲ್ಕು ದಿನವಿದ್ದಾಗ. ಅಳ್ಳು ಕೊನೆಗೆ, ಏಕೆಂದರೆ ಅದು ಜಾಗ ತಿನ್ನುತ್ತದೆ, ಬೇಗ ಮೆತ್ತಗಾಗುತ್ತದೆ. ಪಂಚಮಿಗೆ ಮೊದಲು ಬರುವ ರೊಟ್ಟಿ ಹಬ್ಬಕ್ಕೆ ಬೇಕಾಗುವ ಹೆಚ್ಚಿನ ರೊಟ್ಟಿಯನ್ನು, ರೊಟ್ಟಿ ಕೊಡುವ ಮಹಿಳಾ ಸಂಘಕ್ಕೆ ಹದಿನೈದು ದಿನ ಮೊದಲೇ ತಿಳಿಸುತ್ತಾರೆ. ಜೋಳ ಹಸನು ಮಾಡಿ ಬೀಸಿಸಬೇಕು, ಬಡಿಯುವ ಕೈಗಳನ್ನು ಹೊಂದಿಸಬೇಕು. ಹಿಂದಿನ ದಿನ ಹೇಳಿದರೆ ಅವರಿಂದ ಆಗುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಸಜ್ಜಿ ಹಿಟ್ಟು, ಸಂಕ್ರಾಂತಿಗೆ ಕುಸುರೆಳ್ಳು, ಏಕಾದಶಿಗೆ ಸಾಬೂದಾಣಿ, ಇವೂ ಹೊತ್ತಿಗೆ ಸರಿಯಾಗಿ ರ‍್ಯಾಕಿಗೆ ಬರುತ್ತವೆ.

ದಿನನಿತ್ಯದ ಖರೀದಿಯಲ್ಲಿ ಮಾತ್ರ ಈ ಜಾಣತನ ಕಾಣುವುದಿಲ್ಲ. ಅಂದಂದೇ ಮಾರಿಹೋಗಬೇಕಾದ ಮೆತ್ತನೆಯ ಬಿಸಿ ರೊಟ್ಟಿಯನ್ನೇ ನೋಡಿ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 60, ಶನಿವಾರ 110, ಭಾನುವಾರ 100 ರೊಟ್ಟಿಗೆ ಬೇಡಿಕೆಯಿದೆ ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲೆಂದು ದಿನಾ 80 ತರಿಸಿದರೆ, ವಾರದ ಐದು ದಿನ ಇಪ್ಪತ್ತಿಪ್ಪತ್ತರಂತೆ 100 ರೊಟ್ಟಿ ಉಳಿಯುತ್ತವೆ, ಶನಿವಾರ ಭಾನುವಾರ ಸೇರಿ 50 ಸಾಲದೆ ಬರುತ್ತವೆ. ಬೇಕಾದದ್ದು 510, ತರಿಸಿದ್ದು 560. ಹೆಚ್ಚು ತರಿಸಿಯೂ ಗಿರಾಕಿ ಬರಿಗೈಯಲ್ಲಿ ಹೋಗುತ್ತಾನೆ. ಈ ಅಂಗಡಿಯಲ್ಲಿ ಆಗುತ್ತಿರುವುದು ಇದೇ. ಶನಿವಾರ ಸಂಜೆ ಆರೂವರೆಗೆ ರೊಟ್ಟಿಯ ಬುಟ್ಟಿ ಖಾಲಿ, ಮಂಗಳವಾರ ರಾತ್ರಿ ಉಳಿದದ್ದು ಬುಧವಾರ ಬೆಳಿಗ್ಗೆಯೂ ಅದೇ ಬುಟ್ಟಿಯಲ್ಲಿ. ಮೆತ್ತನೆಯ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ ನೀರಹನಿ ಕೂಡುತ್ತದೆ, ಮರುದಿನಕ್ಕೆ ಹಸಿರು ಚುಕ್ಕೆ ಏಳಬಹುದು. ಉಳಿದದ್ದನ್ನು ಆ ರಾತ್ರಿಯೇ ಬುಟ್ಟಿಯಿಂದ ತೆಗೆಯಲೇಬೇಕು.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ವಾರದ ಏಳು ದಿನಕ್ಕೆ ಏಳು ಕಾಲಂ ಎಳೆದು, ಬಂದದ್ದೆಷ್ಟು, ಉಳಿದದ್ದೆಷ್ಟು, ಎಷ್ಟು ಹೊತ್ತಿಗೆ ಮುಗಿಯಿತು ಎಂದು ನಾಲ್ಕು ವಾರ ಬರೆದರೆ ಸಾಕು. ಮೂರನೆಯ ಸಂಗತಿಯನ್ನು ಬಹಳ ಜನ ಬರೆಯುವುದಿಲ್ಲ. ಉಳಿದದ್ದು ಸೊನ್ನೆ ಎಂದಷ್ಟೇ ಬರೆದರೆ ಬೇಡಿಕೆ 80 ಇತ್ತೋ 120 ಇತ್ತೋ ತಿಳಿಯದು. ಸಂಜೆ ಐದಕ್ಕೆ ಮುಗಿಯಿತೋ ಒಂಬತ್ತಕ್ಕೆ ಮುಗಿಯಿತೋ ಎಂಬುದು ಗೊತ್ತಾದಾಗಲೇ ಶನಿವಾರಕ್ಕೆ ಎಷ್ಟು ಹೆಚ್ಚಿಸಬೇಕು ಎಂಬುದು ಗೊತ್ತಾಗುತ್ತದೆ.

ಬ್ಯಾಳಿ, ಸಕ್ಕರೆ, ಅಕ್ಕಿಗೆ ಲೆಕ್ಕ ಇನ್ನೂ ಸರಳ. ದಿನದ ಮಾರಾಟವನ್ನು ಮುಂದಿನ ಮಾಲು ಬರುವವರೆಗಿನ ದಿನಗಳಿಂದ ಗುಣಿಸಿ, ಎರಡು ದಿನದ ಮಾರಾಟವನ್ನು ಕಾಯ್ದಿಡಲು ಸೇರಿಸಿ, ಕೈಯಲ್ಲಿರುವುದನ್ನು ಕಳೆಯಬೇಕು. ತೊಗರಿಬ್ಯಾಳಿ ದಿನಕ್ಕೆ 9 ಕೆ.ಜಿ. ಹೋಗುತ್ತದೆ, ಅಮರಗೋಳದ ಎಪಿಎಂಸಿ ಕಡೆಯಿಂದ ಮಾಲು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಕೈಯಲ್ಲಿ 20 ಕೆ.ಜಿ. ಇದೆ ಎಂದಾದರೆ 36ಕ್ಕೆ 18 ಕೂಡಿಸಿ 20 ಕಳೆದು 34 ಕೆ.ಜಿ. ಬೇಕು. 30 ಕೆ.ಜಿ.ಯ ಒಂದು ಚೀಲ ಸಾಲದು, ಎರಡು ತಂದರೆ 26 ಕೆ.ಜಿ. ಹೆಚ್ಚು. ಒಡೆದ ಬ್ಯಾಳಿಗೆ ಅದು ನಡೆಯುತ್ತದೆ. ಇಡೀ ಹೆಸರುಕಾಳು, ಅಲಸಂದಿಯಾದರೆ ಅಷ್ಟು ಧೈರ್ಯ ಬೇಡ. ಕಾಳು ಕೊರೆಯುವ ಹುಳ ಬೇಗ ಬೀಳುವುದು ಇಡೀ ಕಾಳಿಗೇ.

ಜೋಡಣೆಯ ವಿಷಯಕ್ಕೆ ಬಂದರೆ ಅಂಗಡಿಗೆ ಒಳ್ಳೆಯ ಅಂಕ ಕೊಡಬಹುದು. ಭಾರದ ಚೀಲ ಕೆಳಗೆ, ದಿನಾ ಕೈಹಾಕುವ ಸಾಮಾನು ಎದೆಮಟ್ಟದಲ್ಲಿ. ಹಿಂದಿನ ಕೋಣೆಯಲ್ಲಿ ಚೀಲಗಳನ್ನು ಮರದ ಹಲಗೆಯ ಮೇಲೆ, ನೆಲದಿಂದ ಗೇಣೆತ್ತರಕ್ಕೆ, ಗೋಡೆಗೆ ತಾಗದಂತೆ ಇಟ್ಟಿದ್ದಾರೆ. ಗೋಡೆಯ ತೇವ ಚೀಲಕ್ಕೆ ಇಳಿಯುವುದಿಲ್ಲ, ಇಲಿಯ ಹಿಕ್ಕೆ ಕಂಡರೆ ಗುಡಿಸಲು ಕಸಬರಿಗೆ ಹೋಗುತ್ತದೆ. ಸಾಬೂನು, ಫಿನಾಯಿಲ್, ಊದಿನಕಡ್ಡಿಯನ್ನು ಆಹಾರ ವಿಭಾಗದಿಂದ ಹೊರಗಿಟ್ಟಿರುವುದು ಸಣ್ಣ ಸಂಗತಿಯಲ್ಲ. ಚಹಾಪುಡಿ, ರವಾ, ಗೋಧಿಹಿಟ್ಟು ವಾಸನೆಯನ್ನು ಬಹಳ ಬೇಗ ಹೀರುತ್ತವೆ. ಮನೆಯಲ್ಲಿ ಉಪ್ಪಿಟ್ಟು ಸಾಬೂನು ನಾರಿದರೆ ರವಾ ಎಲ್ಲಿತ್ತು ಎಂಬುದನ್ನೇ ಮೊದಲು ಕೇಳಬೇಕು.

ಒಂದು ರ‍್ಯಾಕ್ ಮಾತ್ರ ತಪ್ಪು ಜಾಗದಲ್ಲಿದೆ, ಮತ್ತು ಅದು ಈ ಅಂಗಡಿಯ ಅತ್ಯುತ್ತಮ ಮಾಲಿನ ರ‍್ಯಾಕ್. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮಸಾಲಿ ಖಾರ, ಬ್ಯಾಡಗಿ ಮೆಣಸಿನಪುಡಿ ಎಲ್ಲವೂ ಪಶ್ಚಿಮದ ಗಾಜಿನ ಕಿಟಕಿಗೆ ಮುಖಮಾಡಿ, ಪಾರದರ್ಶಕ ಪೊಟ್ಟಣಗಳಲ್ಲಿ ಕೂತಿವೆ. ಹೊರಗಿನಿಂದ ನೋಡುವವರಿಗೆ ಚಂದ. ಸಂಜೆಯ ಬಿಸಿಲು ಮಾತ್ರ ನೇರ ಅವುಗಳ ಮೇಲೆ. ಶೇಂಗಾ, ಗುರೆಳ್ಳು, ಅಗಸಿ ಮೂರರಲ್ಲೂ ಎಣ್ಣೆ ಹೆಚ್ಚು. ಬೆಳಕು ಮತ್ತು ಶಾಖ ತಾಗಿದರೆ ಎಣ್ಣೆ ಕೆಟ್ಟು ಚಟ್ನಿ ಕಮಟು ಹೊಡೆಯುತ್ತದೆ. ಅಗಸಿಯಂತೂ ಇವುಗಳಲ್ಲಿ ಎಲ್ಲಕ್ಕಿಂತ ಬೇಗ. ಬ್ಯಾಡಗಿಯ ಬೆಲೆ ನಿಂತಿರುವುದೇ ಅದರ ಕೆಂಪಿನ ಮೇಲೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯ ಸುತ್ತ ಅಷ್ಟೊಂದು ಶೀತಲಗೃಹಗಳು ಎದ್ದಿರುವುದೂ ಆ ಬಣ್ಣ ಕಾಯಲಿಕ್ಕೆ. ಅಲ್ಲಿ ತಂಪಿನಲ್ಲಿಟ್ಟು ಕಾಯ್ದ ಕೆಂಪು ಇಲ್ಲಿ ಕಿಟಕಿಯ ಬಿಸಿಲಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿದೆ. ಈ ರ‍್ಯಾಕನ್ನು ಒಳಗೋಡೆಗೆ ಸರಿಸಿ, ಕಿಟಕಿಯ ಬಳಿ ಉಪ್ಪು, ಸಕ್ಕರೆ ಇಟ್ಟರೆ ಒಂದು ರೂಪಾಯಿಯೂ ಖರ್ಚಿಲ್ಲ.

ಇಡೀ ಮೆಣಸಿನಕಾಯಿಯನ್ನು ಮಾತ್ರ ಇಲ್ಲಿ ಕಣ್ಣು ಮುಚ್ಚಿ ಕೊಳ್ಳಬಹುದು. ಬ್ಯಾಡಗಿಯ ಎರಡು ಬಗೆಗಳಾದ ಕಡ್ಡಿ ಮತ್ತು ಡಬ್ಬಿಯನ್ನು ಬೇರೆ ಬೇರೆ ಚೀಲದಲ್ಲಿಟ್ಟು ಹೆಸರು ಬರೆದಿದ್ದಾರೆ. ಕಡ್ಡಿ ಉದ್ದ, ತೆಳು, ಮೈಯೆಲ್ಲ ನೆರಿಗೆ. ಡಬ್ಬಿ ಗಿಡ್ಡ, ದುಂಡಗೆ, ಬೀಜ ಹೆಚ್ಚು. ನುಣ್ಣನೆಯ ಮೈಯ ಖಾರದ ಕಾಯಿಯನ್ನು ಬ್ಯಾಡಗಿ ಎಂದು ಕೊಡುವ ಅಂಗಡಿಗಳ ನಡುವೆ ಇದು ದೊಡ್ಡ ಮಾತು. ವರ್ಷದ ಖಾರ ಕುಟ್ಟಿಸುವವರು ಬೇಸಿಗೆಯ ಮೊದಲೇ ಹೇಳಿಟ್ಟರೆ ತೊಟ್ಟು ತೆಗೆಸಿಯೂ ಕೊಡುತ್ತಾರೆ.

ಇನ್ನು ತಣ್ಣನೆಯ ಮಾಲು. ಈ ವಿಭಾಗದ ದೊಡ್ಡ ದೋಷ ಇಲ್ಲಿದೆ, ಸ್ವಲ್ಪ ವಿವರವಾಗಿಯೇ ಬರೆಯಬೇಕು.

ನಂದಿನಿ ಹಾಲಿನ ಕ್ರೇಟು ಬೆಳಕು ಹರಿಯುವ ಮೊದಲೇ ಬಂದಿಳಿಯುತ್ತದೆ. ಅಂಗಡಿ ತೆರೆಯುವುದು ಏಳಕ್ಕೆ. ಉಳಿದ ದಿನ ಅಕ್ಕಾರು ಒಬ್ಬ ಹುಡುಗನನ್ನು ಐದೂವರೆಗೇ ಕರೆಸಿ, ಪಾಕೀಟು ಎಣಿಸಿ, ಸೋರಿದ್ದನ್ನು ಬೇರೆ ಮಾಡಿ, ತಾರೀಖು ನೋಡಿ ಒಳಗಿಡಿಸುತ್ತಾರೆ. ಬುಧವಾರ ಕ್ರೇಟು ಏಳರವರೆಗೆ ಮೆಟ್ಟಿಲ ಮೇಲೆ. ಪಾಶ್ಚರೀಕರಿಸಿದ ಹಾಲನ್ನು 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಇಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಒಂದೂವರೆ ತಾಸು ಹೊರಗಿದ್ದ ಪಾಕೀಟು ಮತ್ತೆ ತಣ್ಣಗಾಗಲು ಫ್ರಿಜ್ಜಿನಲ್ಲಿ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಗಾಜಿನ ಬಾಗಿಲಿನ ಫ್ರಿಜ್ಜು ತಣ್ಣಗಿರುವುದನ್ನು ತಣ್ಣಗಿಡಲು ಮಾಡಿದ್ದು, ಬಿಸಿಯಾದದ್ದನ್ನು ಬೇಗ ತಣಿಸುವ ಶಕ್ತಿ ಅದಕ್ಕಿಲ್ಲ. ಸಂಜೆ ಮನೆಯಲ್ಲಿ ಕಾಯಿಸಿದಾಗ ಹಾಲು ಒಡೆದರೆ ಬೈಗುಳ ತಿನ್ನುವವರು ಡೇರಿಯವರು.

ಫ್ರಿಜ್ಜಿನೊಳಗೆ ಇನ್ನೊಂದು ತೊಂದರೆ. ಕೆಳಗಿನ ಅಂತಸ್ತಿನಲ್ಲಿ ಕ್ರೇಟುಗಳನ್ನು ಹಿಂದಿನ ಗೋಡೆಗೆ ಒತ್ತಿ ತುಂಬಿದ್ದಾರೆ. ಗಾಳಿ ತಿರುಗುವ ಜಾಲರಿ ಮುಚ್ಚಿಹೋಗಿ, ಕೆಳಗಿನ ಹಾಲು ಕಲ್ಲಿನಂತೆ ತಣ್ಣಗೆ, ಮೇಲಿನ ಅಂತಸ್ತಿನ ಮುಂದಿನ ಸಾಲಿನ ಮೊಸರು ಬೆಚ್ಚಗೆ. ಹೊರಗಿನ ಪರದೆಯಲ್ಲಿ 4 ಡಿಗ್ರಿ ಎಂದು ತೋರಿಸುತ್ತಿದೆ. ಆ ಅಂಕಿ ಸಂವೇದಕದ ಹತ್ತಿರದ ಗಾಳಿಯದು. ಮಾಲಿನ ತಾಪ ತಿಳಿಯಬೇಕಾದರೆ ಒಂದು ಸಣ್ಣ ಬಾಟಲಿಯಲ್ಲಿ ನೀರು ತುಂಬಿ, ಅದರಲ್ಲಿ ಥರ್ಮಾಮೀಟರ್ ಇಳಿಬಿಟ್ಟು, ಮೇಲಿನ ಅಂತಸ್ತಿನ ಮುಂದಿನ ಸಾಲಿನಲ್ಲಿ ಬಾಗಿಲ ಪಕ್ಕ ಇಡಬೇಕು. ಬೆಳಿಗ್ಗೆ ತೆರೆದಾಗ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಅದನ್ನು ನೋಡಿ ಬರೆಯಬೇಕು. ಸಂಜೆ ಐದರಿಂದ ಎಂಟರ ತನಕ ಬಾಗಿಲು ತೆರೆಯುತ್ತಲೇ ಇರುವುದರಿಂದ ಎಂಟರ ಅಂಕಿಯೇ ನಿಜ ಹೇಳುವುದು. ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ಎಂದು ತಿಳಿಯಲು ಹತ್ತು ರೂಪಾಯಿಯ ನೋಟನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಬದಲಿಸುವ ಹೊತ್ತು ಬಂದಿದೆ. ಇಲ್ಲಿನ ಎರಡನೆಯ ಫ್ರಿಜ್ಜಿನಲ್ಲಿ ನೋಟು ಜಾರುತ್ತದೆ.

ಫ್ರೀಜರ್ −18 ಡಿಗ್ರಿಯಲ್ಲಿರಬೇಕು. ಒಳಗಿನ ಮಾಲು ಎಂದೂ ಕರಗಿಲ್ಲ ಎಂಬುದಕ್ಕೆ ಗಿರಾಕಿಯೇ ಮಾಡಬಹುದಾದ ಪರೀಕ್ಷೆಯೆಂದರೆ ಹಸಿ ಬಟಾಣಿಯ ಪಾಕೀಟು. ಅಲುಗಾಡಿಸಿದಾಗ ಕಾಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಒಂದೇ ಗಡ್ಡೆಯಾಗಿದ್ದರೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ಒಳಗೆ ಹರಳು ಕಟ್ಟಿದ ಹಿಮ, ಅಂಚು ಕುಸಿದ ಕೋನ್ ಇವೂ ಅದೇ ಗುರುತು. ಇಲ್ಲಿ ಕೆಳಗಿನ ಬಟಾಣಿ ಪಾಕೀಟುಗಳು ಬಿಡಿಯಾಗಿಯೇ ಇವೆ, ಮೇಲಿನವು ಗಡ್ಡೆ. ಫ್ರೀಜರಿನ ಒಳಗೋಡೆಯಲ್ಲಿ ಒಂದು ಗೆರೆ ಇರುತ್ತದೆ. ಅದನ್ನು ಮೀರಿ ಮಾಲು ಪೇರಿಸಿದರೆ ಮೇಲಿನದಕ್ಕೆ ತಂಪು ತಾಗುವುದಿಲ್ಲ. ಬುಧವಾರ ಬಂದ ಮಾಲನ್ನು ಗೆರೆ ನೋಡದೆ ತುಂಬಿದ್ದರ ಫಲ ಇದು. ಒಳಗೋಡೆಯಲ್ಲಿ ಹಿಮ ಅರ್ಧ ಬೆರಳು ದಪ್ಪವಾಗುವ ಮೊದಲೇ ಕರಗಿಸಿ ಒರೆಸಬೇಕು. ದಪ್ಪ ಹಿಮ ತಂಪನ್ನು ತಡೆಯುತ್ತದೆ, ಕರೆಂಟು ಬಿಲ್ಲನ್ನು ಏರಿಸುತ್ತದೆ.

ಕರೆಂಟು ಹೋದಾಗ ಮಾಡಬೇಕಾದದ್ದನ್ನು ಫ್ರೀಜರಿನ ಮೇಲೆಯೇ ಅಂಟಿಸಬೇಕು, ಇಲ್ಲಿ ಅಂಟಿಸಿಲ್ಲ. ಹೋದ ಹೊತ್ತನ್ನು ಬರೆಯಬೇಕು. ಮುಚ್ಚಳ ತೆರೆಯಬಾರದು, ದಪ್ಪ ಚಾದರ ಹೊದಿಸಬೇಕು. ತುಂಬಿದ ಫ್ರೀಜರ್ ಮುಚ್ಚಿದಂತೆಯೇ ಇದ್ದರೆ ಸುಮಾರು ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ ತಡೆಯುತ್ತದೆ. ಫ್ರಿಜ್ ಮಾತ್ರ ನಾಲ್ಕು ತಾಸಿಗಿಂತ ಹೆಚ್ಚು ತಡೆಯುವುದಿಲ್ಲ, ಗಾಜಿನ ಬಾಗಿಲಿನದು ಇನ್ನೂ ಬೇಗ ಬಿಸಿಯಾಗುತ್ತದೆ. ರಾತ್ರಿ ಬಿಲ್ಲು ಉಳಿಸಲು ಫ್ರೀಜರ್ ಬಂದ್ ಮಾಡುವ ಅಂಗಡಿಗಳ ಬಗ್ಗೆ ಹೇಳಬೇಕಾದದ್ದು ಒಂದೇ: ಅಲ್ಲಿ ಐಸ್‌ಕ್ರೀಮ್ ಕೊಳ್ಳಬೇಡಿ. ಈ ಅಂಗಡಿಯಲ್ಲಿ ಆ ಕೆಟ್ಟ ರೂಢಿ ಇಲ್ಲ.

ಹಳೆಯದು ಮುಂದೆ, ಹೊಸದು ಹಿಂದೆ ಎಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ಮೊದಲು ಬಂದದ್ದೇ ಮೊದಲು ಮುಗಿಯುವ ತಾರೀಖಿನದು ಎಂದೇನಿಲ್ಲ. ವಿತರಕರು ಕೆಲವೊಮ್ಮೆ ತಡವಾಗಿ ಹಳೆಯ ಮಾಲು ಕೊಡುತ್ತಾರೆ. ಆದ್ದರಿಂದ ಬಂದ ದಿನ ನೋಡಿ ಜೋಡಿಸುವುದಕ್ಕಿಂತ ಪಾಕೀಟಿನ ಮೇಲಿನ ಕೊನೆಯ ತಾರೀಖು ನೋಡಿ ಜೋಡಿಸಬೇಕು. ಬಿಸ್ಕತ್ತು, ಚಿಪ್ಸ್ ಕಂಪನಿಗಳ ಸೇಲ್ಸ್‌ಮನ್‌ಗಳು ತಾವೇ ರ‍್ಯಾಕ್ ತುಂಬಿ ಹೋಗುವಾಗ ಹೊಸದನ್ನು ಮುಂದೆ ಇಟ್ಟು ಹೋಗುವುದು ಸಾಮಾನ್ಯ. ಅವರು ಹೋದ ಮೇಲೆ ಒಬ್ಬರು ಮತ್ತೆ ನೋಡಲೇಬೇಕು. ಇಲ್ಲಿ ಬೇರೆ ದಿನ ನೋಡುತ್ತಾರೆ. ಬುಧವಾರ ಯಾರ ಕೆಲಸವೂ ಅದಲ್ಲ.

ಸಿಬ್ಬಂದಿಯ ಸಂಖ್ಯೆ ಸಾಕು, ಹಂಚಿಕೆ ಸರಿಯಿಲ್ಲ. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತೂವರೆ ಎಂದರೆ ಹದಿನಾಲ್ಕೂವರೆ ತಾಸು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಒಬ್ಬರಿಗೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂದು ಮಿತಿ ಹಾಕಿದೆ. ಹಾಗಾಗಿ ಎರಡು ಪಾಳಿ ಬೇಕೇ ಬೇಕು. ಇವರಲ್ಲಿ ಪಾಳಿಯೇನೋ ಇದೆ. ಆದರೆ ಮಧ್ಯಾಹ್ನ ಒಂದರಿಂದ ಮೂರರವರೆಗೆ, ಗಿರಾಕಿ ಕಡಿಮೆ ಇರುವಾಗ ಐದು ಮಂದಿ, ಸಂಜೆ ಆರರಿಂದ ಎಂಟರವರೆಗೆ ಮೂರೇ ಮಂದಿ. ಒಬ್ಬರು ತೂಕಕ್ಕೆ, ಒಬ್ಬರು ಬಿಲ್ಲಿಗೆ ನಿಂತರೆ ಮೊಸರು ತುಂಬುವವರಿಲ್ಲ. ಕಾಲೇಜು ಹುಡುಗರನ್ನು ಸಂಜೆ ಮೂರು ತಾಸಿಗೆ ತೆಗೆದುಕೊಂಡರೆ ಈ ಕೊರತೆ ತೀರುತ್ತದೆ. ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂಬುದು ಆಹಾರ ಸುರಕ್ಷತೆಯ ನಿಯಮ. ಅರೆಕಾಲಿಕದವರಿಗೂ ಅದು ಅನ್ವಯಿಸುತ್ತದೆ.

ಅಕ್ಕಾರು ಕೆಲಸ ಹೇಳುವ ರೀತಿ ಕಲಿಯುವಂತಿದೆ. “ಎಲ್ಲಾ ಸ್ವಚ್ಛ ಇಡ್ರೋ” ಎಂದು ಕೂಗಿ ಹೋಗುವ ಮಾಲೀಕರನ್ನು ಎಲ್ಲೆಡೆ ನೋಡುತ್ತೇವೆ. ಅದರಿಂದ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಇವರು “ತಮ್ಮಾ, ಹತ್ತು ಗಂಟೇದೊಳಗ ಮೊಸರಿನ ಸಾಲು ಪೂರಾ ಹೊರಗ ತಗಿ, ಶೆಲ್ಫ್ ಒರಸು, ನಾಳಿ ತಾರೀಖಿಂದು ಮುಂದ ಇಡು, ಆಮ್ಯಾಲ ನನಗ ತೋರ್ಸು” ಎನ್ನುತ್ತಾರೆ. ಯಾರು, ಏನು, ಎಷ್ಟು ಹೊತ್ತಿನೊಳಗೆ, ಮುಗಿದದ್ದು ಗೊತ್ತಾಗುವುದು ಹೇಗೆ ಎಂಬ ನಾಲ್ಕೂ ಅದರಲ್ಲಿವೆ. ಇದೇ ಮಾತನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಪಕ್ಕ ಅಂಟಿಸಿದರೆ ಬುಧವಾರದ ಅರ್ಧ ತೊಂದರೆ ಹೋಗುತ್ತದೆ.

ನಿಯಂತ್ರಣದಲ್ಲಿ ಹಣದ ಲೆಕ್ಕ ಬಿಗಿಯಾಗಿದೆ, ಮಾಲಿನ ಲೆಕ್ಕ ಸಡಿಲ. ಗಲ್ಲಾ ದಿನಕ್ಕೆರಡು ಸಲ ಎಣಿಸುತ್ತಾರೆ. ಎಸೆದ ಮಾಲಿಗೆ ಮಾತ್ರ ಪುಸ್ತಕವೇ ಇಲ್ಲ. 45 ರೂಪಾಯಿಗೆ ಕೊಂಡು 50ಕ್ಕೆ ಮಾರುವ ಒಂದು ಪಾಕೀಟು ಕೆಟ್ಟರೆ ಆ ನಷ್ಟ ತುಂಬಲು ಇನ್ನೂ ಒಂಬತ್ತು ಪಾಕೀಟು ಮಾರಬೇಕು. ಈ ಲೆಕ್ಕ ಹುಡುಗರಿಗೆ ಒಮ್ಮೆ ಬಿಡಿಸಿ ಹೇಳಿದರೆ ಕೈ ತಾನಾಗಿ ಜಾಗರೂಕವಾಗುತ್ತದೆ. ಪುಸ್ತಕಕ್ಕೆ ತಾರೀಖು, ಮಾಲು, ಎಷ್ಟು, ಏಕೆ, ಸಹಿ ಎಂಬ ಐದು ಕಾಲಂ ಸಾಕು. ‘ಏಕೆ’ ಎಂಬ ಕಾಲಮ್ಮಿನಲ್ಲಿ ತಾರೀಖು ಮುಗಿಯಿತು, ಒಡೆಯಿತು, ಹುಳ ಬಿತ್ತು, ಇಲಿ ಕಡಿಯಿತು ಎಂದು ಬೇರೆ ಬೇರೆಯಾಗಿ ಬರೆಯಬೇಕು. ಒಂದೊಂದಕ್ಕೂ ಮದ್ದು ಬೇರೆ. ತಾರೀಖು ಮುಗಿದದ್ದಕ್ಕೆ ಕಾರಣ ಖರೀದಿಯಲ್ಲಿದೆ, ಒಡೆದದ್ದಕ್ಕೆ ಜೋಡಣೆಯಲ್ಲಿ.

ಹುಳದ ಬಗ್ಗೆ ಒಂದು ಎಚ್ಚರಿಕೆ. ಅಕ್ಕಿ, ಜೋಳಕ್ಕೆ ನುಸಿ ಬೀಳದಂತೆ ವಿಷದ ಗುಳಿಗೆ ಇಡುವ ರೂಢಿ ಕೆಲವೆಡೆ ಇದೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ತೇವ ತಾಗಿದರೆ ಜೀವ ತೆಗೆಯುವ ಅನಿಲ ಬಿಡುತ್ತದೆ. ಜನ ಓಡಾಡುವ ಅಂಗಡಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ರವಾ, ಮೈದಾದಂಥವನ್ನು ಕಡಿಮೆ ಕಡಿಮೆ ತರಿಸಿ, ಸಂಶಯ ಬಂದದ್ದನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆ, ಮರಿ ಸಾಯುತ್ತವೆ. ಹುಳ ಕಂಡ ಚೀಲವನ್ನು ಅಲ್ಲೇ ಜರಡಿ ಹಿಡಿದು ಮಾರುವುದು ತಪ್ಪು. ಈ ಅಂಗಡಿ ಅಂಥ ಚೀಲವನ್ನು ವಾಪಸು ಕಳಿಸುತ್ತದೆ.

ತೂಕದಲ್ಲಿ ಮೋಸವಿಲ್ಲ, ಅಜಾಗರೂಕತೆ ಇದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಪ್ರಮಾಣಪತ್ರ ಗೋಡೆಯ ಮೇಲಿದೆ, ಅವಧಿಯೂ ಇದೆ. ಆದರೆ ತಕ್ಕಡಿ ಫ್ಯಾನಿನ ನೇರ ಕೆಳಗಿದೆ. ಗಾಳಿಗೆ ಅಂಕಿ ಎರಡರಿಂದ ಐದು ಗ್ರಾಂ ಅಲುಗುತ್ತದೆ. ಗೋಡಂಬಿ, ಯಾಲಕ್ಕಿಗೆ ಐದು ಗ್ರಾಂ ಸಣ್ಣದಲ್ಲ. ಪೊಟ್ಟಣ ಕಟ್ಟುವಾಗ ಮೊದಲು ಖಾಲಿ ಚೀಲವಿಟ್ಟು ಸೊನ್ನೆ ಮಾಡಬೇಕು. ಹಾಗೆ ಮಾಡದಿದ್ದರೆ ಚೀಲದ ತೂಕ ಗಿರಾಕಿಯ ತಲೆಗೆ. ‘ಇರ್ಲಿ’ ಎಂದು ಹತ್ತು ಗ್ರಾಂ ಹೆಚ್ಚು ಹಾಕಿದರೆ 30 ಕೆ.ಜಿ. ಚೀಲದಿಂದ ಒಂದೊಂದು ಕೆ.ಜಿ.ಯ ಪೊಟ್ಟಣ ಕಟ್ಟುವಷ್ಟರಲ್ಲಿ 300 ಗ್ರಾಂ ಹೋಗಿರುತ್ತದೆ.

ಬಿಲ್ಲಿನಲ್ಲಿ ಒಂದು ವಿಷಯ ನೋಡಿಕೊಳ್ಳಿ. ಒಂದೇ ಬಾರ್‌ಕೋಡಿಗೆ ಎರಡು ಎಂಆರ್‌ಪಿ ಇದ್ದಾಗ ಪರದೆಯ ಮೇಲೆ ಎರಡೂ ಬರುತ್ತವೆ, ಅವಸರದ ಹುಡುಗ ಮೊದಲನೆಯದನ್ನೇ ಒತ್ತುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬಿಸ್ಕತ್ತು, ನಮಕೀನಿನ ಜಿಎಸ್‌ಟಿ ಇಳಿದಾಗ ಹಳೆ ಬೆಲೆ, ಹೊಸ ಬೆಲೆ ಒಟ್ಟಿಗೆ ಬಂದು ಈ ಗೊಂದಲ ಹೆಚ್ಚಿತು. ಬೆಲೆ ಬದಲಾದ ದಿನವೇ ಹಳೆಯ ದಾಸ್ತಾನು ಎಣಿಸಿ, ಮುಗಿದ ಕೂಡಲೇ ಆ ಬೆಲೆಯನ್ನು ಕಂಪ್ಯೂಟರಿನಿಂದ ತೆಗೆಯಬೇಕು.

ಪೇಢೆಯ ಟ್ರೇಯ ಮುಂದೆ ‘ಈ ದಿನದೊಳಗೆ ತಿನ್ನಿರಿ’ ಎಂಬ ಫಲಕ ಇದೆ. ಬಿಡಿ ಸಿಹಿತಿಂಡಿಗೆ ಆ ತಾರೀಖು ಹಾಕುವುದು 2020ರ ಅಕ್ಟೋಬರ್ 1ರಿಂದ ಕಡ್ಡಾಯ. ಫಲಕ ಬಳಪದ್ದು, ಅಕ್ಕಾರು ದಿನಾ ಒರೆಸಿ ಬರೆಯುತ್ತಾರೆ. ಬುಧವಾರ ಅದರ ಮೇಲಿರುವುದು ಮಂಗಳವಾರ ಬರೆದ ತಾರೀಖೇ.

ಕೊನೆಯದಾಗಿ ದೂರು. ಕೆಟ್ಟ ಮಾಲು ತಂದರೆ ಮಾತಿಲ್ಲದೆ ಬದಲಿಸಿ ಕೊಡುತ್ತಾರೆ, ಆದರೆ ಅಕ್ಕಾರು ಇದ್ದಾಗ ಮಾತ್ರ. ಬುಧವಾರ ಬಿಲ್ಲಿನ ಹುಡುಗ, “ಕಾಕಾರ, ನಾಳಿ ಬರ್ರಿ, ಅಕ್ಕಾರು ಇರ್ತಾರ” ಎನ್ನುತ್ತಾನೆ. ಅವನ ತಪ್ಪಲ್ಲ, ಅವನಿಗೆ ಅಧಿಕಾರ ಕೊಟ್ಟಿಲ್ಲ. ಇನ್ನೂರು ರೂಪಾಯಿಯೊಳಗಿನ ಮಾಲನ್ನು ಬಿಲ್ ನೋಡಿ ತಾನೇ ಬದಲಿಸಿ ಕೊಡಬಹುದು ಎಂದು ಮಾಲೀಕರು ಬರೆದು ಕೊಟ್ಟರೆ ಸಾಕು. ಬದಲಿಸಿದ ಪ್ರತಿ ಪಾಕೀಟಿನ ಬ್ಯಾಚ್ ನಂಬರನ್ನೂ ಅವನು ಬರೆದಿಡಬೇಕು. ಒಂದೇ ಬ್ಯಾಚಿನ ಮೊಸರು ಮೂರನೆಯ ಸಲ ವಾಪಸು ಬಂತೆಂದರೆ ಅಕ್ಕಾರು ಬರುವವರೆಗೆ ಕಾಯದೆ, ಆ ಬ್ಯಾಚಿನ ಉಳಿದ ಪಾಕೀಟುಗಳನ್ನೆಲ್ಲ ಫ್ರಿಜ್ಜಿನಿಂದ ಹೊರಗೆ ತೆಗೆದು, ‘ಮಾರಬಾರದು’ ಎಂಬ ಚೀಟಿ ಅಂಟಿಸಿ ಬೇರೆ ಕ್ರೇಟಿನಲ್ಲಿ ಇಡಬೇಕು.